ನೆರೆಯ ಮಾಹಿತಿ ಪಡೆಯುವವರೇ ಇಲ್ಲ

ಮಾನ್ಯ ಸಂಪಾದಕರೇ,

ಮೊನ್ನೆಯ ನೆರೆಯ ಕುರಿತ ನಿಮ್ಮ ವರದಿಯಲ್ಲಿ ‘ಸಾರ್ವಜನಿಕರಿಗೆ ಸಕಾಲದಲ್ಲಿ ಮಾಹಿತಿ ನೀಡಲಾಗಿತ್ತು’ ಎಂಬ ಅಧಿಕಾರಿಗಳ ಹೇಳಿಕೆಯನ್ನು ಓದಿದೆ. ನಮ್ಮ ಕೆಳಗಿನ ಬೀದಿಗೆ ಆ ಮಾಹಿತಿ ತಲುಪಿದ್ದು ನೀರು ಹೊಸ್ತಿಲು ದಾಟಿದ ಮೇಲೆ.

ಆ ರಾತ್ರಿ ನಾವು ಏಳೆಂಟು ಮಂದಿ ಮನೆಮನೆಗೆ ಫೋನ್ ಮಾಡಿ, ಎಲ್ಲಿ ಎದ್ದು ನಡೆಯಲಾಗದ ವೃದ್ಧರಿದ್ದಾರೆ, ಎಲ್ಲಿ ಬಾಣಂತಿಯಿದ್ದಾರೆ, ಯಾರ ಬಳಿ ಇನ್ಸುಲಿನ್ ಮುಗಿದಿದೆ, ಯಾವ ದಾರಿಯಲ್ಲಿ ಎದೆಮಟ್ಟದ ನೀರಿದೆ ಎಂಬುದನ್ನೆಲ್ಲ ಕೇಳಿ, ಕೇಳಿದ ಹೊತ್ತನ್ನೂ ನಮೂದಿಸಿ ಪಟ್ಟಿ ಮಾಡಿದೆವು. ಅದನ್ನು ತಲುಪಿಸಲು ನಾನು ಸಹಾಯವಾಣಿಗೆ ಇಪ್ಪತ್ತೆರಡು ಸಲ ಕರೆ ಮಾಡಬೇಕಾಯಿತು. ಕೊನೆಗೂ ಕರೆ ಸ್ವೀಕರಿಸಿದವರು ‘ಲಿಖಿತವಾಗಿ ಕೊಡಿ’ ಎಂದರು. ಸೊಂಟಮಟ್ಟದ ನೀರಿನಲ್ಲಿ ನಿಂತವರು ಅರ್ಜಿ ಬರೆಯುವುದು ಹೇಗೆ? ನನ್ನ ಫೋನಿನ ಚಾರ್ಜ್ ಅಲ್ಲಿಗೇ ಮುಗಿಯಿತು.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಪಕ್ಕದ ಶಾಲೆಯಲ್ಲಿ ಪರಿಹಾರ ಕೇಂದ್ರ ತೆರೆದಿದೆ ಎಂಬ ವಾಟ್ಸ್ಆ್ಯಪ್ ಸಂದೇಶವನ್ನು ನಂಬಿ, ಎಂಬತ್ತು ದಾಟಿದ ನನ್ನ ತಾಯಿಯನ್ನು ಇಬ್ಬರು ಹೊತ್ತುಕೊಂಡು ಹೋದರೆ ಶಾಲೆಯ ಗೇಟಿಗೆ ಬೀಗ ಹಾಕಿತ್ತು. ಆ ಸಂದೇಶ ಹಿಂದಿನ ನೆರೆಯ ಕಾಲದ್ದೆಂದು ಆಮೇಲೆ ತಿಳಿಯಿತು. ಅದರಲ್ಲಿ ದಿನಾಂಕವಿರಲಿಲ್ಲ, ಕಳುಹಿಸಿದವರ ಹೆಸರಿರಲಿಲ್ಲ. ಅದು ಸುಳ್ಳೆಂದು ಹೇಳಬೇಕಾದವರು ಮರುದಿನ ಮಧ್ಯಾಹ್ನದವರೆಗೆ ಬಾಯಿ ಬಿಡಲಿಲ್ಲ. ವದಂತಿ ಹಬ್ಬಿಸಿದರೆ ಕಠಿಣ ಕ್ರಮವೆಂದು ಎಚ್ಚರಿಸುವವರು, ನಿಜ ಸುದ್ದಿ ಸಿಗದ ಕಡೆ ಜನ ಕೈಗೆ ಸಿಕ್ಕಿದ್ದನ್ನೇ ನಂಬುತ್ತಾರೆ ಎಂಬುದನ್ನು ಅರಿಯಬೇಕು.

ಇದು ಆಗದ ಕೆಲಸವೇನಲ್ಲ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ, ಸಂತ್ರಸ್ತರು 4636 ಎಂಬ ಸಂಖ್ಯೆಗೆ ಉಚಿತವಾಗಿ ಕಳುಹಿಸಿದ ಎಸ್ಎಂಎಸ್‌ಗಳನ್ನು ಹೊರದೇಶಗಳಲ್ಲಿದ್ದ ಹೈಟಿಯನ್ನರು ಕ್ರಿಯೋಲ್ ಭಾಷೆಯಿಂದ ಅನುವಾದಿಸಿದರು, ಸ್ವಯಂಸೇವಕರು ಅವನ್ನು ನಕ್ಷೆಯ ಮೇಲೆ ಗುರುತಿಸಿದರು. ಮೊಬೈಲ್ ಜಾಲದ ಮೇಲೆ ಒತ್ತಡ ಹೆಚ್ಚಾಗಿ ಕರೆಗಳು ಸೇರದಿದ್ದಾಗಲೂ ಎಸ್ಎಂಎಸ್ ತಡವಾಗಿಯಾದರೂ ತಲುಪುವುದುಂಟು. ಇಷ್ಟು ವರ್ಷಗಳ ನಂತರವೂ ನಮ್ಮಲ್ಲಿ ಸಂದೇಶ ಪಡೆಯಲು ಒಂದು ಸಂಖ್ಯೆ, ಅದನ್ನು ಓದಲು ಒಬ್ಬರು ಸಿಬ್ಬಂದಿ ಇಲ್ಲ.

ಹಿಂದಿನ ನೆರೆಯ ನಂತರವೂ ನಮ್ಮ ಹೆಸರು, ಫೋನ್ ಸಂಖ್ಯೆಗಳನ್ನು ಎರಡೆರಡು ಸಲ ಬರೆದುಕೊಂಡು ಹೋಗಿದ್ದರು. ಆ ಪುಸ್ತಕ ಎಲ್ಲಿದೆಯೆಂದು ಈಗ ಯಾರಿಗೂ ಗೊತ್ತಿಲ್ಲ. ಕಚೇರಿಯ ಫಲಕದಲ್ಲಿರುವುದು ವರ್ಗವಾಗಿ ಹೋದ ಅಧಿಕಾರಿಯ ಹೆಸರು. ಬೀದಿದೀಪ, ಚರಂಡಿಗಳ ದೂರುಗಳಿಗೂ ಇದೇ ಗತಿಯಾಗಿದೆ.

ಆದ್ದರಿಂದ ನೆರೆಯ ವೇಳೆ ಹೊರಡಿಸುವ ಪ್ರತಿ ಸೂಚನೆಯಲ್ಲೂ ದಿನಾಂಕ, ಸಮಯ, ಕಳುಹಿಸಿದವರ ಹುದ್ದೆ ಇರಲೇಬೇಕು, ನಿವಾಸಿಗಳು ಕೊಡುವ ಮಾಹಿತಿಯನ್ನು ಹಗಲೂ ರಾತ್ರಿ ಪಡೆಯುವ ವ್ಯವಸ್ಥೆಯಾಗಬೇಕು. ಅದು ಆಗದಿದ್ದರೆ ಸಕಾಲದಲ್ಲಿ ಮಾಹಿತಿ ನೀಡಿದ್ದೇವೆಂಬ ಹೇಳಿಕೆಯನ್ನಾದರೂ ಹಿಂಪಡೆಯಲಿ. ಬಾಗಿಲು ಮುಚ್ಚಿದ ಶಾಲೆಯ ಮುಂದೆ ಮಳೆಯಲ್ಲಿ ನಿಂತವರ ಕಿವಿಗೆ ಅದು ಬಹಳ ಚುಚ್ಚುತ್ತದೆ.

ಇತಿ,
ನೆರೆಪೀಡಿತ ಓದುಗರು