ಮುಳ್ಳುಪೊದೆಯಲ್ಲಿ ತೆಂಗಿನಕಾಯಿಯ ವಾಸನೆ

ಮಾರಾಯ,

ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ ಕೊನೆಯ ಭಾನುವಾರ ಸಸೆಕ್ಸಿನ ಸೆವೆನ್ ಸಿಸ್ಟರ್ಸ್‌ಗೆ ಹೋಗಿದ್ದೆ. ಇಂಗ್ಲೆಂಡಿನ ದಕ್ಷಿಣ ಕರಾವಳಿ. ಸೀಮೆಸುಣ್ಣ ಅಂತೀವಲ್ಲ, ಅದರ ಸೀಮೆ ಇದೇ ಇರಬೇಕು ಅನ್ನಿಸುವಷ್ಟು ಬಿಳಿ ಗೋಡೆ, ಕೆಳಗೆ ಕಡಲು. ಮೇಲೆ ಕುರಿ ಮೇದು ಮೇದು ಚಾಪೆಯಂತಾದ ಹುಲ್ಲುಗುಡ್ಡ. ಇಲ್ಲಿಯವರು ಡೌನ್ಸ್ ಅನ್ನುತ್ತಾರೆ. ನನ್ನ ಕಣ್ಣಿಗೆ ನಮ್ಮ ಬ್ಯಾಣವೇ.

ಕಾಲಬುಡದಿಂದ ಒಂದು ಸ್ಕೈಲಾರ್ಕ್ ಎದ್ದಿತು. ನೆಟ್ಟಗೆ ಮೇಲೇರುತ್ತಾ ಹಾಡು ಶುರು ಮಾಡಿತು. ಕೊನೆಗೆ ಹಕ್ಕಿ ಕಾಣಲಿಲ್ಲ, ಹಾಡು ಮಾತ್ರ ಸುರಿಯುತ್ತಿತ್ತು. ಅಷ್ಟು ಎತ್ತರದಲ್ಲಿ ಹಾಡುವ ಹಕ್ಕಿ ಗೂಡು ಕಟ್ಟುವುದು ನೆಲದಲ್ಲಿ, ಹುಲ್ಲಿನ ಬುಡದಲ್ಲಿ. ಗೋಧಿಯನ್ನು ವಸಂತದ ಬದಲು ಶರತ್ಕಾಲದಲ್ಲೇ ಬಿತ್ತಲು ಶುರು ಮಾಡಿದ ಮೇಲೆ ಗೂಡಿನ ಹೊತ್ತಿಗೆ ಪೈರು ಎತ್ತರವಾಗಿ ಒತ್ತಾಗಿರುತ್ತದೆ, ಜಾಗ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ 1970ರ ದಶಕದಿಂದೀಚೆಗೆ ಅರ್ಧಕ್ಕಿಂತ ಜಾಸ್ತಿ ಸ್ಕೈಲಾರ್ಕ್‌ಗಳು ಕಡಿಮೆಯಾಗಿವೆ. ಇದನ್ನು ತಿಳಿದು ಕೇಳಿದರೆ ಆ ಹಾಡು ಬೇರೆ ಥರ ಕೇಳುತ್ತದೆ.

ಸ್ವಲ್ಪ ಮುಂದೆ ವೀಟಿಯರ್ ಒಂದು ಕುಪ್ಪಳಿಸುತ್ತಿತ್ತು. ಬೂದು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ. ಹಾರಿದರೆ ಬಾಲದ ಬುಡ ಬೆಳ್ಳಗೆ ಮಿಂಚುತ್ತದೆ. ಸುಮಾರು 25 ಗ್ರಾಂ ತೂಕದ ಜೀವ, ಸಹಾರಾದ ಆಚೆಯಿಂದ ಹಾರಿ ಬಂದಿದೆ. ಹುಲ್ಲಿನಲ್ಲಿ ನೇರಳೆ ವಯೊಲೆಟ್ ಅರಳಿತ್ತು, ಕೌಸ್ಲಿಪ್ ಆಗ ತಾನೇ ಮೊಗ್ಗು.

ಆಮೇಲೆ ಗೋರ್ಸ್. ಮೈತುಂಬ ಮುಳ್ಳಿನ ಪೊದೆ, ಅದರ ತುಂಬ ಹಳದಿ ಹೂ. ಬಿಸಿಲು ಬಿದ್ದದ್ದೇ ತಡ, ವಾಸನೆ ಬಂತು ನೋಡು. ತೆಂಗಿನಕಾಯಿ! ಆಗಷ್ಟೇ ತುರಿದ ಕಾಯಿ, ಅಮ್ಮನ ತಲೆಗೆ ಹಚ್ಚಿದ ಎಣ್ಣೆ, ಎರಡೂ ಒಟ್ಟಿಗೆ. ಪೊದೆಯೊಳಗೆ ಮುಖ ಇಟ್ಟು ನಿಂತೆ. ಕೆನ್ನೆಗೆ ಮುಳ್ಳು ಚುಚ್ಚಿತು. ಹಾಗೇ ನಿಂತಿದ್ದೆ.

ಹೋದ ವರ್ಷ ಮನೆ ಮಾರುವಾಗ ರಜೆ ಸಿಗಲಿಲ್ಲ ಅಂದಿದ್ದೆ ಅಲ್ವಾ? ರಜೆ ಇತ್ತು ಕಣೋ. ಹದಿನೆಂಟು ದಿನ ಇತ್ತು. ಅಮ್ಮ ಇಲ್ಲದ ಅಡುಗೆಮನೆಗೆ ಕಾಲಿಡಲು ಹೆದರಿದೆ. ಪವರ್ ಆಫ್ ಅಟಾರ್ನಿ ಕಳಿಸಿ ಸುಮ್ಮನಾದೆ. ಪಾತ್ರೆಪಗಡ ಎಲ್ಲ ನೀನೊಬ್ಬನೇ ಹೊರಗಿಟ್ಟೆ. ಒಂದು ಮಾತೂ ಕೇಳಲಿಲ್ಲ ನೀನು.

ಅಲ್ಲೇ ಹತ್ತಿರ ಬೆಲ್ ಟೂಟ್ ಅಂತ ಹಳೆಯ ದೀಪಸ್ತಂಭ ಇದೆ. ಕಡಲು ಬಂಡೆಯನ್ನು ತಿನ್ನುತ್ತಾ ಬುಡಕ್ಕೇ ಬಂದಾಗ, 1999ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ 17 ಮೀಟರ್ ಹಿಂದಕ್ಕೆ ಸರಿಸಿದರು. ಕಲ್ಲಿನ ಕಟ್ಟಡ, ಮಾರಾಯ. ಅದನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದೆ.

ಇರಲಿ. ಇಷ್ಟೆಲ್ಲ ಬರೆಯಬೇಕು ಅಂದುಕೊಂಡಿರಲಿಲ್ಲ. ಮೇ ತಿಂಗಳಲ್ಲಿ ಬರುತ್ತೇನೆ, ಟಿಕೆಟ್ ಆಗಿದೆ. ಸ್ಟೇಷನ್ನಿಗೆ ಬರುವಾಗ ಆ ಕೊಡೆ ಮಾತ್ರ ತರಬೇಡ.

ಬ್ಯಾಣದಲ್ಲಿ ಸಂಜೆ ಹೊತ್ತು ಕೂಗುತ್ತಿತ್ತಲ್ಲ, ನೀನು 'ಹೆಡ್‌ಮಾಸ್ಟರ್' ಅಂತ ಹೆಸರಿಟ್ಟ ಹಕ್ಕಿ, ಅದು ಈಗಲೂ ಬರುತ್ತದಾ?

ನಿನ್ನ,
ಮೂರನೇ ಬೆಂಚಿನವನು