ಮಗಳಿಗೊಂದು ಪತ್ರ: ಮಿಲ್ಡ್ರೆಡ್ ಸೋತಳಾ?

ಪುಟ್ಟಿ,

ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಮ್ಮಾ, ಪ್ರೊ ರೆಸ್ಲಿಂಗ್‌ನಲ್ಲಿ ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡಿಕೊಂಡಿರುತ್ತಾರೆ, ಅಲ್ವಾ?" ಅಂತ. ಹೌದು, ಹೆಚ್ಚಾಗಿ ಹಾಗೇ. ಆದರೆ ಹಿಂದಿನ ಕಾಲದ ಕುಸ್ತಿಪಟು ಮಿಲ್ಡ್ರೆಡ್ ಬರ್ಕ್ ವಿಷಯ ಹೇಳದೆ ಆ ಮಾತು ಅಲ್ಲಿಗೇ ಬಿಡಲು ನನಗೆ ಮನಸ್ಸಿಲ್ಲ.

ಅವಳು ಹುಟ್ಟಿದ್ದು 1915ರಲ್ಲಿ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಕಾಫಿವಿಲ್‌ನಲ್ಲಿ. ಇಪ್ಪತ್ತು ತುಂಬುವ ಮೊದಲೇ ಮದುವೆಯಾಯಿತು, ಬಸುರಿಯಾದಳು, ಗಂಡ ಬಿಟ್ಟುಹೋದ. ಕ್ಯಾನ್ಸಸ್ ಸಿಟಿಯಲ್ಲಿ ತಾಯಿಯ ಹೋಟೆಲಿನಲ್ಲಿ ಊಟ ಬಡಿಸುತ್ತಿದ್ದಳು. ಅಲ್ಲಿಗೆ ಬರುತ್ತಿದ್ದ ಬಿಲ್ಲಿ ವುಲ್ಫ್ ಅನ್ನುವ ಕುಸ್ತಿಪಟುವನ್ನು ನನಗೂ ಕಲಿಸು ಅಂತ ಕಾಡಿದಳು. ಐದಡಿ ಎರಡಿಂಚಿನ ಹುಡುಗಿ! ಅವಳ ಹುಚ್ಚು ಬಿಡಲಿ ಅಂತ ವುಲ್ಫ್ ಒಬ್ಬ ಹುಡುಗನನ್ನು ಕರೆದು, ಇವಳನ್ನು ಜೋರಾಗಿ ಎತ್ತಿ ಒಗೆ ಅಂದನಂತೆ. ಒಗೆಸಿಕೊಂಡವನು ಆ ಹುಡುಗ. ಅವಳೇ ಮುಂದೆ ಹೇಳಿಕೊಂಡ ಕಥೆ ಇದು. ನನಗಂತೂ ಎಷ್ಟು ಸಲ ಓದಿದರೂ ಸಾಕಾಗುವುದಿಲ್ಲ.

ಆಮೇಲೆ ಊರೂರು ಸುತ್ತುವ ಕಾರ್ನಿವಲ್, ನಮ್ಮ ಜಾತ್ರೆಯ ಹಾಗೆ, ಅಲ್ಲಿ ಕುಸ್ತಿ. ತನ್ನ ತೂಕದ ಆಸುಪಾಸಿನ ಯಾವ ಗಂಡಸೇ ಆಗಲಿ, 10 ನಿಮಿಷದೊಳಗೆ ತನ್ನನ್ನು ಚಿತ್ ಮಾಡಿದರೆ 25 ಡಾಲರ್ ಅಂತ ಸವಾಲು. ಹೀಗೆ 200ಕ್ಕೂ ಹೆಚ್ಚು ಗಂಡಸರ ಜತೆ ಸೆಣಸಿ, ಸೋತದ್ದು ಒಬ್ಬನಿಗೆ ಮಾತ್ರ ಎನ್ನುತ್ತಿದ್ದಳು. 1937ರಲ್ಲಿ ಕ್ಲಾರಾ ಮಾರ್ಟೆನ್ಸನ್‌ಳನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದಳು. ಹೊಳೆಯುವ ಕಲ್ಲು ಹೊಲಿದ ಬಿಳಿ ನಿಲುವಂಗಿ ಹಾಕಿಕೊಂಡು ರಿಂಗಿಗೆ ಬರುತ್ತಿದ್ದಳು. ಅದನ್ನು ತೆಗೆದರೆ ಒಳಗೆ ಗಟ್ಟಿ ತೋಳು, ಹುರಿಗಟ್ಟಿದ ಹೊಟ್ಟೆ. ಆ ಕಾಲದ ಹೆಂಗಸೊಬ್ಬಳು ತೋಳು ಮಡಚಿ ಕ್ಯಾಮೆರಾ ಮುಂದೆ ಹಾಗೆ ನಿಂತದ್ದು ಸಣ್ಣ ವಿಷಯ ಅಲ್ಲ.

ವುಲ್ಫ್‌ನನ್ನೇ ಮದುವೆಯಾಗಿದ್ದಳು. ಆ ಮದುವೆ ಮುರಿದಾಗ ಕಷ್ಟ ಶುರುವಾಯಿತು. ಯಾಕೆಂದರೆ ಯಾವ ಹೆಂಗಸಿಗೆ ಎಲ್ಲಿ ಪಂದ್ಯ ಅನ್ನುವುದು ಹೆಚ್ಚುಕಡಿಮೆ ಅವನ ಕೈಯಲ್ಲೇ ಇತ್ತು. 1954ರ ಆಗಸ್ಟ್ 20ರಂದು ಅಟ್ಲಾಂಟಾದಲ್ಲಿ ಅವಳ ಎದುರು ನಿಂತವಳು ಜೂನ್ ಬೈಯರ್ಸ್, ವುಲ್ಫ್‌ನ ಸೊಸೆ. ಮಾತಾಡಿಕೊಂಡ ಆಟ ಅಲ್ಲ ಅದು. ನಿಜವಾದ ಜಿದ್ದು. ಮೂರು ಸುತ್ತಿನಲ್ಲಿ ಎರಡು ಗೆಲ್ಲಬೇಕು. ಮೊದಲ ಸುತ್ತು ಬೈಯರ್ಸ್‌ಗೆ ಹೋಯಿತು. ಎರಡನೆಯದು ಎಳೆದೂ ಎಳೆದೂ ಮುಗಿಯಲಿಲ್ಲ. ಒಂದು ಗಂಟೆಯ ಹೊತ್ತಿಗೆ ಪಂದ್ಯವನ್ನೇ ನಿಲ್ಲಿಸಿಬಿಟ್ಟರು. ಬೈಯರ್ಸ್ ಚಾಂಪಿಯನ್ ಅಂತ ಸುದ್ದಿಯಾಯಿತು.

ಎರಡು ಸುತ್ತು ಸೋಲದವಳು ಪಟ್ಟ ಕಳೆದುಕೊಂಡದ್ದು ಹೇಗೆ, ಹೇಳು? ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮಿಲ್ಡ್ರೆಡ್ ಕೂಡ ನಾನು ಸೋತೆ ಅಂತ ಒಪ್ಪಿಕೊಳ್ಳಲಿಲ್ಲ.

ಅದೇ ನವೆಂಬರ್‌ನಲ್ಲಿ ಜಪಾನಿಗೆ ಹೋಗಿ ಅಲ್ಲಿನ ಜನರ ಮುಂದೆ ಕುಸ್ತಿ ಆಡಿದಳು. ತನ್ನದೇ ಸಂಸ್ಥೆ ಕಟ್ಟಿದಳು. ಆ ಸಂಸ್ಥೆಯ ಹೆಸರಿನ ಪಟ್ಟ ಮುಂದೆ ಜಪಾನಿಗೆ ಹೋಯಿತು. ಚಾಂಪಿಯನ್ ಸೊಂಟಕ್ಕೆ ಕಟ್ಟುವ ಬೆಲ್ಟ್ ಇರುತ್ತದಲ್ಲ, ಅಲ್ಲಿ ಇದನ್ನು ಕೆಂಪು ಬೆಲ್ಟ್ ಅನ್ನುತ್ತಿದ್ದರು. ಅದಕ್ಕಾಗಿ ಎಷ್ಟೋ ಹುಡುಗಿಯರು ಬೆವರು ಸುರಿಸಿದರು.

ಅವಳು ತೋಳು ಮಡಚಿ ನಿಂತ ಫೋಟೊ ಹುಡುಕಿ ನೋಡು. ನೋಡಿದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ ಅಮ್ಮ