ಆ ರಾತ್ರಿ ಮೆಟ್ಟಿಲ ಮೇಲೆ ಕೂತವರಿಗೆ

ಮೊನ್ನೆ ಶುಕ್ರವಾರ ಪಿಎಚ್‌.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ನಾರ್ವೆಯ ಟ್ರಾಂಡ್‌ಹೈಮ್‌ನಿಂದ ತೀರ್ಥಹಳ್ಳಿಯವರೆಗೆ ಹಾರೈಸಿದವರಿಗೆಲ್ಲ ನಮಸ್ಕಾರ. ಕೊಳವೆಯಲ್ಲಿ ಸಾಗುವ ಕಾರ್ಬನ್ ಡೈಆಕ್ಸೈಡ್ ಬಗ್ಗೆ ನಾಲ್ಕು ವರ್ಷ ಕೇಳಿ ಕೇಳಿ ನಿಮ್ಮ ಕಿವಿ ತೂತು ಬಿದ್ದಿರಬೇಕು. ಆ ಪುರಾಣವನ್ನು ಮತ್ತೆ ಬಿಚ್ಚುವುದಿಲ್ಲ. ಮಾರ್ಗದರ್ಶಕರು, ಕರಡು ತಿದ್ದಿದ ಗೆಳೆಯರು, ಚಕ್ಕುಲಿ ಕಳಿಸಿದ ಅತ್ತಿಗೆ, ಬಾಡಿಗೆ ತಡವಾದರೂ ಸುಮ್ಮನಿದ್ದ ಮನೆಯೊಡತಿ, ನಿಮ್ಮೆಲ್ಲರ ಋಣ ದೊಡ್ಡದು.

ಇಲ್ಲಿ ಬರೆಯಬೇಕಿರುವುದು ಪ್ರಯೋಗಾಲಯದ ಹಿರಿಯ ತಂತ್ರಜ್ಞರೊಬ್ಬರ ಬಗ್ಗೆ. ಹೆಸರು ಹಾಕಬೇಡ ಎಂದಿದ್ದಾರೆ.

ಅಪ್ಪನ ಕರ್ಮಗಳನ್ನು ಮುಗಿಸಿ ನಾನು ಮರಳಿ ಬಂದ ವಾರ ಅದು. ರಾತ್ರಿ ಹನ್ನೊಂದರ ಹೊತ್ತಿಗೆ ಪ್ರಯೋಗದ ಕೊಳವೆಯ ಸೀಲ್ ಬಿಟ್ಟುಕೊಂಡಿತು. ಈ ಅನಿಲ ಕಣ್ಣಿಗೆ ಕಾಣದು, ಗಾಳಿಗಿಂತ ಒಂದೂವರೆ ಪಟ್ಟು ಭಾರ. ತಗ್ಗು ಹುಡುಕಿ ಮಲಗುತ್ತದೆ, ಅಲ್ಲಿಗಿಳಿದವರ ಉಸಿರು ಕಟ್ಟಿಸುತ್ತದೆ. ನೆಲಮಾಳಿಗೆಯಲ್ಲಿ ನನ್ನ ಲ್ಯಾಪ್‌ಟಾಪ್, ಅದರಲ್ಲಿ ಎಂಟು ತಿಂಗಳ ಅಳತೆಗಳು. ಓಡಿದೆ. ಅವರು ಕಾಲರ್ ಹಿಡಿದು ಎಳೆದರು. ಅನಿಲ ಪತ್ತೆ ಮಾಡುವ ಸಲಕರಣೆಯನ್ನು ಎದೆಯ ಮಟ್ಟಕ್ಕೆ ಹಿಡಿದರು: ಸದ್ದಿಲ್ಲ. ಬಗ್ಗಿ ಕೆಳಗಿನ ಮೆಟ್ಟಿಲಿನತ್ತ ಚಾಚಿದರು: ಕಿರುಚಿಕೊಂಡಿತು. ಬೇರೆ ಒಂದು ಮಾತೂ ಆಡಲಿಲ್ಲ.

ಹೊರಬಾಗಿಲಿನ ಮೆಟ್ಟಿಲ ಮೇಲೆ, ಆ ಚಳಿಯಲ್ಲಿ, ಬೆಳಗಿನವರೆಗೆ ಕೂತೆವು. ಅವರ ಕೋಟು ನನ್ನ ಹೆಗಲ ಮೇಲೆ. ಲ್ಯಾಪ್‌ಟಾಪ್ ಉಳಿಯದಿದ್ದರೆ ನಾನೂ ಉಳಿಯುವುದು ಬೇಡ ಎಂದು ಓಡುವಾಗ ಅನ್ನಿಸಿದ್ದು ನಿಜ. ಅಮ್ಮಾ, ನೀನು ಇದನ್ನು ಓದುತ್ತೀಯೆ ಎಂದು ಗೊತ್ತು, ಈಗ ಹಾಗಿಲ್ಲ. ಅವರು ತಮ್ಮ ಅಪ್ಪನ ಮೀನು ದೋಣಿಯ ಕಥೆ ಹೇಳುತ್ತ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ನಮ್ಮ ಕಷಾಯವೇ ವಾಸಿ, ಅಷ್ಟು ಕಹಿ.

2020ರ ಫೆಬ್ರವರಿಯಲ್ಲಿ ಅಮೆರಿಕದ ಮಿಸಿಸಿಪಿಯ ಸಟಾರ್ಷಿಯಾ ಬಳಿ, ಮಳೆಗೆ ಗುಡ್ಡ ಜಾರಿ ಇಂಥ ಕೊಳವೆ ಒಡೆದದ್ದನ್ನು ಪ್ರಬಂಧದಲ್ಲಿ ಮೂರೇ ಸಾಲಿನಲ್ಲಿ ಮುಗಿಸಿದ್ದೆ: ಸುಮಾರು 200 ಜನರ ಸ್ಥಳಾಂತರ, 45 ಮಂದಿ ಆಸ್ಪತ್ರೆಗೆ, ಸಾವಿಲ್ಲ. ಆ ರಾತ್ರಿಯ ನಂತರ ಮತ್ತೆ ಬರೆದೆ. ಅಲ್ಲಿ ಆಮ್ಲಜನಕ ಸಾಲದೆ ಕಾರುಗಳ ಎಂಜಿನ್‌ಗಳೇ ನಿಂತುಹೋಗಿದ್ದವು. ಉಕ್ಕು ಎಷ್ಟು ದಪ್ಪವಿರಬೇಕು ಎಂಬ ಲೆಕ್ಕದ ಪಕ್ಕದಲ್ಲಿ, ಊರು ಯಾವ ತಗ್ಗಿನಲ್ಲಿದೆ ಎಂಬ ಪ್ರಶ್ನೆ ಬಂದು ಕೂತದ್ದು ಹೀಗೆ. ಪರೀಕ್ಷಕರು ಹೆಚ್ಚು ಕೆದಕಿದ್ದೂ ಅದನ್ನೇ.

ಕೆಟ್ಟ ಸೀಲನ್ನು ಅವರು ಎತ್ತಿಟ್ಟಿದ್ದರು. ಒತ್ತಡ ಇಳಿದಾಗ ರಬ್ಬರಿನೊಳಗೆ ಸೇರಿದ್ದ ಅನಿಲ ಉಬ್ಬಿ, ಕರಿದ ಹಪ್ಪಳದಂತೆ ಅದರ ಮೈತುಂಬ ಗುಳ್ಳೆ. ಶುಕ್ರವಾರ ಅದಕ್ಕೊಂದು ದಾರ ಕಟ್ಟಿ ಉಡುಗೊರೆಯಾಗಿ ಕೊಟ್ಟರು. ಅವರ ಕೋಟು ಇನ್ನೂ ನನ್ನಲ್ಲೇ ಇದೆ. ಸೋಮವಾರ, ಚಕ್ಕುಲಿ ಡಬ್ಬದ ಜೊತೆಗೆ, ಖಂಡಿತ ಕೊಡುತ್ತೇನೆ.